ಬೆಳಕಿನ ದಾರಿ: ಕನ್ನಡಕದಿಂದ ಗಾಜಿನ ಎಳೆಯವರೆಗೆ



ನಮ್ಮ ಊರ ರಸ್ತೆಗಳ ಬದಿಯ ಕಂಬಗಳಲ್ಲಿ ಈಚಿನ ವರುಷಗಳಲ್ಲಿ ಕಪ್ಪಗಿನ, ತೆಳ್ಳಗಿನ ಕೇಬಲುಗಳು ತೂಗಾಡುತ್ತಿರುವುದನ್ನು ನೀವೆಲ್ಲರೂ ಕಂಡಿದ್ದೀರಿ. ನೋಡುವಾಗ ಅವು ವಿದ್ಯುತ್ ತಂತಿಯ ತಮ್ಮಂದಿರಂತೆ ಕಾಣುತ್ತವೆ. ಆದರೆ ಅವುಗಳಲ್ಲಿ ವಾರ್ತೆಯನ್ನು ಹೊರುವುದು ತಾಮ್ರವಲ್ಲ, ವಿದ್ಯುತ್ತೂ ಅಲ್ಲ. ಕೂದಲೆಳೆಯಷ್ಟು ಸಪೂರವಾದ ಗಾಜಿನ ನೂಲು, ಆ ನೂಲಿನಲ್ಲಿ ಓಡುವ ಬೆಳಕು. ಕೇರಳ ಸರಕಾರದ ಕೆ-ಫೋನ್ ಯೋಜನೆಯು 2023ರ ಜೂನ್ 5ರಂದು ಉದ್ಘಾಟನೆಗೊಂಡಿತು. ಅದಕ್ಕೂ ಮುಂಚೆಯೇ ಕೇಂದ್ರ ಸರಕಾರವು ಗ್ರಾಮ ಪಂಚಾಯತುಗಳಿಗೆ ಗಾಜಿನ ಎಳೆಯನ್ನು ಮುಟ್ಟಿಸುವ ಯೋಜನೆಯನ್ನು 2011ರಲ್ಲಿ ಮಂಜೂರು ಮಾಡಿತ್ತು. ಇಂದು ಅದನ್ನು ಭಾರತ್‌ನೆಟ್ ಎನ್ನುತ್ತಾರೆ. ಹೀಗೆ ಬೆಳಕಿನ ನೂಲು ನಮ್ಮ ಅಡಿಕೆ ತೋಟಗಳ ಅಂಚಿಗೂ ಬಂದು ಮುಟ್ಟಿದೆ.

ಕನ್ನಡ ಕಲಿಸುವ ಅಧ್ಯಾಪಕರಿಗೆ ಬೆಳಕಿನ ಪಾಠದ ಗೊಡವೆ ಏಕೆ ಎಂದು ನೀವು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ಪ್ರತಿ ವರುಷ ಶಾಲೆ ತೆರೆಯುವ ಕಾಲಕ್ಕೆ ಕೆಲವು ಹೆತ್ತವರು ನಮ್ಮೊಡನೆ ಒಂದು ಮಾತನ್ನು ಕೇಳುತ್ತಾರೆ: "ಮಾಷ್ಟ್ರೇ, ಕನ್ನಡದಲ್ಲಿ ಕಲಿತರೆ ಈ ಹೊಸ ಕಾಲದ ವಿಜ್ಞಾನವೆಲ್ಲ ಮಕ್ಕಳ ತಲೆಗೆ ಹತ್ತೀತೇ?" ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ, ಅದು ಮಕ್ಕಳ ಭವಿಷ್ಯದ ಚಿಂತೆಯಿಂದ ಹುಟ್ಟಿದ್ದು. ವಾದ ಮಾಡಿ ಉತ್ತರಿಸುವುದಕ್ಕಿಂತ ಒಂದು ಪಾಠ ಮಾಡಿಯೇ ಉತ್ತರಿಸುವುದು ಮೇಲೆಂದು ನಮಗೆ ತೋರಿತು. ಎರಡನೆಯ ಕಾರಣ ನಮ್ಮ ತರಗತಿಗಳ ಹಿಂದಿನ ಬೆಂಚುಗಳಲ್ಲಿ ಕುಳಿತಿದೆ. ಅದನ್ನು ಮುಂದೆ ಹೇಳುತ್ತೇವೆ.

1. ಬೆಳಕಿನ ಎರಡು ನಡತೆಗಳು

ಬೆಳಕಿನ ಉಪಕರಣಗಳೆಲ್ಲವೂ ಬೆಳಕಿನ ಒಂದೆರಡು ನಡತೆಗಳ ಮೇಲೆ ನಿಂತಿವೆ. ಮೊದಲನೆಯದು ಪ್ರತಿಫಲನ. ಕನ್ನಡಿಗೆ ಬೆಳಕು ಯಾವ ಓರೆಯಲ್ಲಿ ಬಂದು ಬೀಳುವುದೋ ಅದೇ ಓರೆಯಲ್ಲಿ ಆಚೆ ಕಡೆಗೆ ಹಿಂದಿರುಗುತ್ತದೆ. ಗೋಡೆಗೆ ಎಸೆದ ಚೆಂಡಿನಂತೆ ಎಂದರೆ ಸಾಕು.

ಎರಡನೆಯದು ವಕ್ರೀಭವನ. ಇದನ್ನು ಮನೆಯಲ್ಲಿಯೇ ನೋಡಿರಿ. ಒಂದು ಸ್ಟೀಲ್ ಬೋಗುಣಿಯ ತಳದಲ್ಲಿ ನಾಣ್ಯವೊಂದನ್ನಿಟ್ಟು, ಬೋಗುಣಿಯ ಅಂಚು ನಾಣ್ಯವನ್ನು ಮರೆಮಾಡುವಷ್ಟು ಹಿಂದೆ ಸರಿದು ನಿಲ್ಲಿರಿ. ಈಗ ತಮ್ಮನಿಗೋ ತಂಗಿಗೋ ಹೇಳಿ ಬೋಗುಣಿಗೆ ಮೆಲ್ಲಗೆ ನೀರು ಹೊಯ್ಯಿಸಿರಿ. ನೀವು ಕದಲದಿದ್ದರೂ ನಾಣ್ಯ ಮೇಲೆದ್ದು ಬಂದು ಕಣ್ಣಿಗೆ ಕಾಣಿಸುತ್ತದೆ. ನಾಣ್ಯ ಅಲುಗಲಿಲ್ಲ, ಅದರಿಂದ ಹೊರಟ ಬೆಳಕು ನೀರನ್ನು ಬಿಟ್ಟು ಗಾಳಿಗೆ ಬರುವಾಗ ಬಾಗಿತು.

ಏಕೆ ಬಾಗಿತು? ಬೆಳಕಿನ ವೇಗ ಎಲ್ಲೆಡೆಯೂ ಒಂದೇ ಅಲ್ಲ. ಬರಿದಾದ ಆಕಾಶದಲ್ಲಿ ಅದು ಸೆಕೆಂಡಿಗೆ 2,99,792 ಕಿಲೋಮೀಟರ್ ಓಡುತ್ತದೆ. ನೀರಿನಲ್ಲಿ ಸುಮಾರು 2,25,000. ಗಾಜಿನಲ್ಲಿ ಸುಮಾರು 2,00,000. ಕೈ ಕೈ ಹಿಡಿದುಕೊಂಡು ಸಾಲಾಗಿ ಓಡುತ್ತಿರುವ ಹುಡುಗರು ಒಣ ಮೈದಾನದಿಂದ ಕೆಸರುಗದ್ದೆಗೆ ಓರೆಯಾಗಿ ಇಳಿದರೆಂದು ಭಾವಿಸಿರಿ. ಮೊದಲು ಕೆಸರಿಗೆ ಕಾಲಿಟ್ಟವನು ನಿಧಾನವಾಗುತ್ತಾನೆ, ಇನ್ನೊಂದು ತುದಿಯವನು ಇನ್ನೂ ವೇಗವಾಗಿಯೇ ಇರುತ್ತಾನೆ. ಆಗ ಇಡೀ ಸಾಲೇ ತಿರುಗುತ್ತದೆ. ಬೆಳಕು ಬಾಗುವುದೂ ಹೀಗೆಯೇ. ಬರಿದಾದ ಆಕಾಶದ ವೇಗವನ್ನು ಆ ಪದಾರ್ಥದಲ್ಲಿನ ವೇಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ವಕ್ರೀಭವನಾಂಕ ಎಂದು ಹೆಸರು. ನೀರಿಗೆ ಅದು 1.33, ಸಾಮಾನ್ಯ ಗಾಜಿಗೆ ಸುಮಾರು 1.5, ವಜ್ರಕ್ಕೆ 2.42.

2. ಮಸೂರ, ಕಣ್ಣು, ಕನ್ನಡಕ

ಗಾಜನ್ನು ಬೇಕಾದ ಆಕಾರಕ್ಕೆ ಉಜ್ಜಿ, ಬೆಳಕನ್ನು ಬೇಕಾದಲ್ಲಿಗೆ ಬಾಗಿಸುವ ಸಾಧನವೇ ಮಸೂರ. ಈ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಮಸೂರವೆಂದರೆ ನಾವು ಅಡುಗೆಗೆ ಬಳಸುವ ಚನ್ನಂಗಿ ಬೇಳೆಯ ಕಾಳು. ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾದ ಆ ಕಾಳನ್ನೇ ಹೋಲುವುದರಿಂದ ಈ ಹೆಸರು. ಇಂಗ್ಲಿಷಿನ ಲೆನ್ಸ್ ಎಂಬ ಪದವಾದರೂ ಲ್ಯಾಟಿನ್ ಭಾಷೆಯಲ್ಲಿ ಅದೇ ಕಾಳಿನ ಹೆಸರು. ಅವರೂ ಬೇಳೆಯನ್ನೇ ಕಂಡರು, ನಾವೂ ಬೇಳೆಯನ್ನೇ ಕಂಡೆವು. ವಿಜ್ಞಾನದ ಪದವು ಅಡುಗೆಮನೆಯಿಂದ ಹೊರಟರೆ ಅದಕ್ಕೆ ಯಾವ ಕುಂದೂ ಇಲ್ಲ.

ನಡುವೆ ದಪ್ಪವಿರುವ ಪೀನ ಮಸೂರವು ಕಿರಣಗಳನ್ನು ಒಂದುಗೂಡಿಸುತ್ತದೆ. ನಡುವೆ ತೆಳುವಾದ ನಿಮ್ನ ಮಸೂರವು ಅವನ್ನು ಹರಡಿಸುತ್ತದೆ. ಮೊಬೈಲ್ ಫೋನಿನ ಕ್ಯಾಮೆರಾದಲ್ಲಿ ಕೆಲವೇ ಮಿಲಿಮೀಟರ್ ದಪ್ಪದೊಳಗೆ ಇಂಥ ಹಲವು ಸಣ್ಣ ಮಸೂರಗಳು ಒಂದರ ಹಿಂದೊಂದು ಕುಳಿತು, ಹೊರಗಿನ ದೃಶ್ಯವನ್ನು ಒಂದು ಚಿಕ್ಕ ಫಲಕದ ಮೇಲೆ ಬೀಳಿಸುತ್ತವೆ. ಆ ಫಲಕದಲ್ಲಿ ಲಕ್ಷಾಂತರ ಸೂಕ್ಷ್ಮ ಕೋಶಗಳಿದ್ದು, ಪ್ರತಿಯೊಂದೂ ತನ್ನ ಮೇಲೆ ಬಿದ್ದ ಬೆಳಕನ್ನು ಅಳೆದು ಹೇಳುತ್ತದೆ. ಅಂಗಡಿಯಲ್ಲಿ ಹಣ ಕೊಡಲು ತೋರಿಸುವ ಕಪ್ಪು-ಬಿಳಿ ಚೌಕಗಳ ಚಿತ್ರವನ್ನು ಓದುವುದೂ ಇದೇ ಕಣ್ಣು.

ದೇವರು ಕೊಟ್ಟ ಕಣ್ಣಿನಲ್ಲಿ ವ್ಯವಸ್ಥೆ ಇದೇ ಬಗೆಯದು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವೂ ಒಳಗಿನ ಮಸೂರವೂ ಸೇರಿ ಬೆಳಕನ್ನು ಬಾಗಿಸಿ, ಹಿಂಬದಿಯ ಅಕ್ಷಿಪಟದ ಮೇಲೆ ಬಿಂಬವನ್ನು ಮೂಡಿಸುತ್ತವೆ. ಬೆಳೆದವರ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್. ಅದು ಒಂದೇ ಒಂದು ಮಿಲಿಮೀಟರ್ ಹೆಚ್ಚು ಉದ್ದವಾದರೆ ದೂರದ ವಸ್ತುವಿನ ಬಿಂಬ ಅಕ್ಷಿಪಟದ ಮೇಲೆ ಬೀಳದೆ ಅದಕ್ಕಿಂತ ಮುಂದೆಯೇ ಮೂಡಿಬಿಡುತ್ತದೆ. ಹತ್ತಿರದ ಪುಸ್ತಕ ಸ್ಪಷ್ಟ, ದೂರದ ಕರಿಹಲಗೆ ಮಂಜು. ಇದೇ ಸಮೀಪದೃಷ್ಟಿ. ಇಂಥ ಕಣ್ಣಿಗೆ ತಕ್ಕ ನಿಮ್ನ ಮಸೂರವನ್ನು ಮುಂದಿಟ್ಟರೆ ಬಿಂಬ ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ. ವೈದ್ಯರು ಚೀಟಿಯಲ್ಲಿ 'ಮೈನಸ್ ಎರಡು' ಎಂದು ಬರೆದರೆ, ಕನ್ನಡಕವಿಲ್ಲದೆ ಆ ಮಗುವಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು ಅರ್ಧ ಮೀಟರಿನವರೆಗೆ ಮಾತ್ರ ಎಂದು ಅರ್ಥ. ಒಂದನ್ನು ಎರಡರಿಂದ ಭಾಗಿಸಿರಿ, ಅರ್ಧ ಮೀಟರ್ ಬಂತು, ಲೆಕ್ಕ ಅಷ್ಟೇ. ಅರ್ಧ ಮೀಟರ್ ಎಂದರೆ ಚಾಚಿದ ಕೈಯಷ್ಟೂ ಇಲ್ಲ. ಕರಿಹಲಗೆಯೋ ನಾಲ್ಕೈದು ಮೀಟರ್ ಆಚೆಗಿದೆ!

ಹಿಂದಿನ ಬೆಂಚಿನ ಮಾತನ್ನು ಇಲ್ಲಿ ಹೇಳುತ್ತೇವೆ. ಹಲಗೆ ಕಾಣದ ಮಗು 'ಕಾಣುವುದಿಲ್ಲ' ಎಂದು ಹೇಳುವುದು ಅಪರೂಪ. ಎಲ್ಲರಿಗೂ ಹಾಗೆಯೇ ಕಾಣುವುದೆಂದು ಅದು ಎಣಿಸಿರುತ್ತದೆ. ಪಕ್ಕದವರ ಪುಸ್ತಕ ನೋಡಿ ಬರೆಯುತ್ತದೆ, ಕಣ್ಣು ಕಿರಿದುಮಾಡಿ ನೋಡುತ್ತದೆ, ತಲೆನೋವೆನ್ನುತ್ತದೆ. ಕೊನೆಗೆ 'ಓದಿನಲ್ಲಿ ಹಿಂದೆ' ಎಂಬ ಹೆಸರನ್ನು ಹೊರುತ್ತದೆ. ಕನ್ನಡಕ ಬರೆದುಕೊಟ್ಟ ಮೇಲೆಯೂ ಕೆಲವು ಮನೆಗಳಲ್ಲಿ, ಅದರಲ್ಲಿಯೂ ಮಗಳಾದರೆ, ಅದು ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. 'ಈಗಲೇ ಹಾಕಿದರೆ ಪವರ್ ಏರುತ್ತದೆ', 'ನಾಳೆ ಸಂಬಂಧ ನೋಡುವಾಗ ಕಷ್ಟವಾಗುತ್ತದೆ' ಎಂಬ ಮಾತುಗಳು ನಮ್ಮ ಕಿವಿಗೆ ಬಿದ್ದಿವೆ. ಹೆತ್ತವರಲ್ಲಿ ನಮ್ಮ ಬಿನ್ನಹ ಇಷ್ಟೇ: ಕನ್ನಡಕ ಹಾಕುವುದರಿಂದ ಕಣ್ಣು ಕೆಡುವುದಿಲ್ಲ. ಬೆಳೆಯುವ ಮಗುವಿನ ಕಣ್ಣುಗುಡ್ಡೆಯೂ ಬೆಳೆಯುವುದರಿಂದ ಪವರ್ ಏರಬಹುದು. ಅದು ಗಾಜಿನ ತಪ್ಪಲ್ಲ. ಹಗಲು ಬೆಳಕಿನಲ್ಲಿ ಬಯಲಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ತೊಡಗುವುದು ಕಡಿಮೆಯೆಂದು ಸಂಶೋಧನೆಗಳು ತೋರಿಸಿವೆ. ಆದುದರಿಂದ ಸಂಜೆ ಒಂದಿಷ್ಟು ಹೊತ್ತು ಮಕ್ಕಳನ್ನು ಆಡಲು ಬಿಡಿರಿ. ಹಲಗೆ ಕಾಣದೆಂಬ ಸಂಶಯ ಬಂದರೆ ತಡಮಾಡದೆ ಕಣ್ಣಿನ ತಪಾಸಣೆ ಮಾಡಿಸಿರಿ. ಸರಿಯಾದ ಕನ್ನಡಕವೊಂದು ಕೆಲವು ಮಕ್ಕಳಿಗೆ ಒಂದು ವರುಷದ ಟ್ಯೂಶನ್ನಿಗಿಂತ ಹೆಚ್ಚು ಉಪಕಾರ ಮಾಡುತ್ತದೆ.

3. ನೀರಿನೊಳಗಿನ ಕನ್ನಡಿ

ಈಗ ಬೆಳಕಿನ ಒಂದು ವಿಶೇಷ ನಡತೆಗೆ ಬರೋಣ. ಗಾಜಿನ ಲೋಟದಲ್ಲಿ ಮುಕ್ಕಾಲು ನೀರು ತುಂಬಿ, ಅದನ್ನು ಕಣ್ಣಿಗಿಂತ ಸ್ವಲ್ಪ ಎತ್ತರದಲ್ಲಿ ಹಿಡಿದು, ಪಕ್ಕದಿಂದ ಓರೆಯಾಗಿ ನೀರಿನ ಮೇಲ್ಮೈಯನ್ನು ಕೆಳಗಿನಿಂದ ನೋಡಿರಿ. ಆ ಮೇಲ್ಮೈ ಬೆಳ್ಳಿಯ ತಗಡಿನಂತೆ ಹೊಳೆಯುತ್ತದೆ. ಒಂದು ಚಮಚವನ್ನು ಅದ್ದಿದರೆ ಅದರ ಪ್ರತಿಬಿಂಬವೂ ಅಲ್ಲಿ ಕಾಣುತ್ತದೆ. ಅಲ್ಲಿ ಪಾದರಸವೂ ಇಲ್ಲ, ಬೆಳ್ಳಿಯೂ ಇಲ್ಲ. ಮತ್ತೆ ಕನ್ನಡಿ ಎಲ್ಲಿಂದ ಬಂತು?

ಬೆಳಕು ನೀರಿನಿಂದ ಗಾಳಿಗೆ ಹೊರಡುವಾಗ ಲಂಬದಿಂದ ದೂರಕ್ಕೆ ಬಾಗುತ್ತದೆ. ಒಳಗಿನ ಓರೆ ಹೆಚ್ಚಿದಂತೆ ಹೊರಗಿನ ಬಾಗು ಇನ್ನಷ್ಟು ಹೆಚ್ಚುತ್ತದೆ. ಒಂದು ಹಂತದಲ್ಲಿ ಹೊರಬರುವ ಕಿರಣ ನೀರಿನ ಮೇಲ್ಮೈಯನ್ನೇ ಸವರಿಕೊಂಡು ಹೋಗುತ್ತದೆ. ಆಗ ಒಳಗಿನ ಕೋನವೆಷ್ಟೋ ಅದೇ ಕ್ರಾಂತಿ ಕೋನ. ಅದಕ್ಕಿಂತಲೂ ಓರೆಯಾದರೆ ಹೊರಗೆ ಹೋಗಲು ದಾರಿಯೇ ಇಲ್ಲ. ಬೆಳಕೆಲ್ಲವೂ ಒಳಕ್ಕೇ ಹಿಂದಿರುಗುತ್ತದೆ. ಇದೇ ಪೂರ್ಣ ಆಂತರಿಕ ಪ್ರತಿಫಲನ. ನೀರಿನಿಂದ ಗಾಳಿಗೆ ಕ್ರಾಂತಿ ಕೋನ ಸುಮಾರು 49 ಡಿಗ್ರಿ, ಗಾಜಿನಿಂದ 42, ವಜ್ರದಿಂದ 24. ವಜ್ರದೊಳಗೆ ಹೊಕ್ಕ ಬೆಳಕಿಗೆ ಹೊರಬರುವ ಬಾಗಿಲು ಅಷ್ಟೊಂದು ಕಿರಿದಾದುದರಿಂದಲೇ ಅದು ಒಳಗೊಳಗೇ ಹೊರಳಿ ಮಿನುಗುತ್ತದೆ.

ಸೈಕಲಿನ ಹಿಂಬದಿಯ ಕೆಂಪು ಬಿಲ್ಲೆಯನ್ನು ಹತ್ತಿರದಿಂದ ನೋಡಿರಿ. ಒಳಮೈಯಲ್ಲಿ ಸಾಲುಸಾಲಾಗಿ ಸಣ್ಣ ಸಣ್ಣ ಮೂಲೆಗಳಿವೆ. ಹೊಕ್ಕ ಬೆಳಕು ಮೂರು ಮುಖಗಳಿಗೆ ತಾಗಿ, ಬಂದ ದಿಕ್ಕಿಗೇ ತಿರುಗಿ ಹೋಗುತ್ತದೆ. ಹಿಂದಿನಿಂದ ಬರುವ ಲಾರಿಯ ದೀಪದ ಬೆಳಕು ಲಾರಿಯ ಚಾಲಕನ ಕಣ್ಣಿಗೇ ಮರಳುತ್ತದೆ. ಬ್ಯಾಟರಿ ಇಲ್ಲದೆ ಜೀವ ಕಾಯುವ ದೀಪವದು. ಮಳೆಗಾಲದ ಸಂಜೆ ಸೈಕಲಿನಲ್ಲಿ ಮನೆಗೆ ಹೋಗುವವರು ಅದಕ್ಕೆ ಹತ್ತಿದ ಕೆಸರನ್ನು ಒರೆಸಿಕೊಳ್ಳಲಿ.

ಇನ್ನೊಂದು ಉದಾಹರಣೆ ರೇಶನ್ ಅಂಗಡಿಯಲ್ಲಿದೆ. ಬೆರಳಚ್ಚು ತೆಗೆಯುವ ಹಲವು ಯಂತ್ರಗಳಲ್ಲಿ ಬೆರಳಿಡುವ ಗಾಜಿನ ಕೆಳಗಿನಿಂದ ಓರೆಯಾಗಿ ಬೆಳಕು ಹಾಯುತ್ತದೆ. ಗಾಜಿನ ಮೇಲೆ ಗಾಳಿ ಮಾತ್ರ ಇರುವಲ್ಲಿ ಬೆಳಕು ಪೂರ್ಣವಾಗಿ ಹಿಂದಿರುಗುತ್ತದೆ. ಬೆರಳಿನ ಏರುಗೆರೆಗಳು ಗಾಜಿಗೆ ತಾಗುವಲ್ಲಿ ಚರ್ಮವು ಬೆಳಕನ್ನು ಹೊರಗೆಳೆದುಕೊಳ್ಳುತ್ತದೆ. ಅಲ್ಲಿ ಕಪ್ಪು ಗೆರೆ ಮೂಡುತ್ತದೆ. ಗೆರೆಗಳ ನಡುವಿನ ತಗ್ಗುಗಳು ಗಾಜಿಗೆ ತಾಗದುದರಿಂದ ಅಲ್ಲಿ ಬಿಳಿ. ಹೀಗೆ ಬೆರಳಿನ ಚಿತ್ರ ಬರೆಯಲ್ಪಡುತ್ತದೆ. ಬೀಡಿ ಕಟ್ಟಿ, ಅಡಿಕೆ ಸುಲಿದು, ಪಾತ್ರೆ ತಿಕ್ಕಿ ಗೆರೆ ಸವೆದ ಅಜ್ಜಿಯ ಬೆರಳನ್ನು ಯಂತ್ರ ಒಪ್ಪದಿರುವುದೇಕೆ ಎಂಬುದು ಈಗ ತಿಳಿಯಿತಲ್ಲವೆ? ಏರು-ತಗ್ಗು ಇಲ್ಲದಲ್ಲಿ ಕಪ್ಪು-ಬಿಳುಪೂ ಇಲ್ಲ. ಒಣಗಿ ಬಿರಿದ ಬೆರಳು ಗಾಜಿಗೆ ಚೆನ್ನಾಗಿ ಅಂಟುವುದೂ ಇಲ್ಲ. ಅಂಥ ಹೊತ್ತಿನಲ್ಲಿ ಗಾಜನ್ನು ಒರೆಸಿ, ಬೆರಳನ್ನು ತುಸು ತೇವಮಾಡಿ ಒರೆಸಿಕೊಂಡು, ಇನ್ನೊಂದು ಬೆರಳನ್ನು ಇಟ್ಟು ನೋಡಬಹುದೆಂದು ಅಜ್ಜಿಗೆ ಹೇಳಿಕೊಡುವುದು ಮೊಮ್ಮಕ್ಕಳಾದ ನಿಮ್ಮ ಕೆಲಸ.

4. ಸುರಂಗಕ್ಕೆ ಬೆಳಕನ್ನು ಒಯ್ಯುವ ಬಗೆ

ನಮ್ಮ ಕಾಸರಗೋಡಿನ ಗುಡ್ಡೆಗಳಲ್ಲಿ ನೀರಿಗಾಗಿ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗಗಳನ್ನು ನೀವು ಬಲ್ಲಿರಿ. ಬಾಯಿಯಲ್ಲಿ ನಿಂತು ಕನ್ನಡಿ ಹಿಡಿದರೆ ಬಿಸಿಲನ್ನು ಒಳಕ್ಕೆ ಕಳುಹಿಸಬಹುದು. ಆದರೆ ಸುರಂಗ ತಿರುಗಿದಲ್ಲಿ ಬೆಳಕು ಗೋಡೆಗೆ ಬಿದ್ದು ನಿಲ್ಲುತ್ತದೆ. ಅಲ್ಲಿ ಇನ್ನೊಂದು ಕನ್ನಡಿ ಬೇಕು, ಮುಂದಿನ ತಿರುವಿಗೆ ಮತ್ತೊಂದು. ಕನ್ನಡಿಯೊಂದು ಪ್ರತಿ ಸಲ ಹತ್ತರಲ್ಲಿ ಒಂದು ಪಾಲು ಬೆಳಕನ್ನು ನುಂಗುವುದೆಂದು ಹಿಡಿದರೂ, ಹತ್ತು ಕನ್ನಡಿ ದಾಟುವಾಗ ನೂರರಲ್ಲಿ 35 ಪಾಲು ಮಾತ್ರ ಉಳಿಯುತ್ತದೆ. ಪೂರ್ಣ ಆಂತರಿಕ ಪ್ರತಿಫಲನದಲ್ಲಾದರೋ ಈ ನಷ್ಟವಿಲ್ಲ. ಹಾಗಾದರೆ ಸುರಂಗದ ಗೋಡೆಯೇ ಉದ್ದಕ್ಕೂ ಅಂಥ ಕನ್ನಡಿಯಾಗಿದ್ದರೆ? ಆಗ ಬೆಳಕು ಎಷ್ಟು ತಿರುವುಗಳಿದ್ದರೂ ಸಾಗೀತು. ಗಾಜಿನ ಎಳೆ ಎಂದರೆ ಇಂಥ ಸುರಂಗವೇ.

ಇದನ್ನು ಮೊದಲು ನೀರಿನಲ್ಲಿ ತೋರಿಸಿದರು. 1841ರಲ್ಲಿ ಸ್ವಿಜರ್ಲೆಂಡಿನ ಜಿನೀವಾದಲ್ಲಿ ದಾನಿಯೆಲ್ ಕೊಲಾಡನ್ ಎಂಬವರು, ತೊಟ್ಟಿಯ ತೂತಿನಿಂದ ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಹೋಗುವುದನ್ನು ಪ್ರದರ್ಶಿಸಿದರು. 1854ರಲ್ಲಿ ಜಾನ್ ಟಿಂಡಾಲ್ ಲಂಡನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಇದನ್ನೇ ತೋರಿಸಿದರು. ನೀವೂ ಮಾಡಬಹುದು. ಪಾರದರ್ಶಕವಾದ ಪ್ಲಾಸ್ಟಿಕ್ ಬಾಟಲಿಯ ಬುಡದಿಂದ ಎರಡು ಬೆರಳು ಮೇಲೆ ಸಣ್ಣ ತೂತು ಮಾಡಿ, ನೀರು ತುಂಬಿ, ಕತ್ತಲೆ ಕೋಣೆಯಲ್ಲಿ ತೂತಿನ ಎದುರು ಬದಿಯಿಂದ ಟಾರ್ಚು ಹಿಡಿಯಿರಿ. ಧಾರೆ ಬೀಳುವಲ್ಲಿ ಅಂಗೈ ಒಡ್ಡಿದರೆ ಬೆಳಕು ನೀರಿನ ಜೊತೆಗೆ ಅಂಗೈಗೆ ಬಂದು ಬೀಳುವುದು ಕಾಣುತ್ತದೆ.

ನೀರಿನ ಬದಲು ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರವನ್ನೇ ಸಾಗಿಸಿದವರಲ್ಲಿ ನಮ್ಮ ದೇಶದವರೊಬ್ಬರಿದ್ದಾರೆ. ಪಂಜಾಬಿನ ಮೋಗಾದಲ್ಲಿ 1926ರಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಡೆಹರಾಡೂನಿನಲ್ಲಿ ಶಾಲೆ ಕಲಿಯುತ್ತಿದ್ದಾಗಲೇ, ಬೆಳಕು ನೇರವಾಗಿಯೇ ಸಾಗಬೇಕೆಂದಿಲ್ಲ ಎಂಬ ವಿಚಾರ ತಮಗೆ ಹೊಳೆದಿತ್ತೆಂದು ಅವರು ಹೇಳಿಕೊಂಡಿದ್ದಾರೆ. ಲಂಡನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ದುಡಿದು 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಇದನ್ನು ಪ್ರಕಟಿಸಿದರು. 'ಫೈಬರ್ ಆಪ್ಟಿಕ್ಸ್' ಎಂಬ ಹೆಸರನ್ನು 1960ರಲ್ಲಿ ಬಳಕೆಗೆ ತಂದವರೂ ಅವರೇ. 2020ರಲ್ಲಿ ತೀರಿಕೊಂಡ ಅವರಿಗೆ 2021ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. ಶಾಲೆಯ ಬೆಂಚಿನ ಮೇಲೆ ಹುಟ್ಟಿದ ಸಂಶಯವನ್ನು ಬಿಡದೆ ಹಿಡಿದುಕೊಂಡವರ ಸಾಧನೆಯಿದು.

ಆದರೆ ಬರಿಯ ಗಾಜಿನ ಎಳೆಗೆ ಒಂದು ಕೊರತೆಯಿತ್ತು. ಬೆರಳು ತಾಗಿದಲ್ಲಿ ರೇಶನ್ ಅಂಗಡಿಯ ಗಾಜಿನಿಂದ ಬೆಳಕು ಸೋರಿದಂತೆ, ಧೂಳು ಕೂತಲ್ಲಿ, ಎಳೆಗೆ ಎಳೆ ತಾಗಿದಲ್ಲಿ ಬೆಳಕು ಸೋರಿಹೋಗುತ್ತಿತ್ತು. ಪರಿಹಾರವೇನು? ತಿರುಳಿನ ಗಾಜಿನ ಸುತ್ತ, ಸ್ವಲ್ಪ ಕಡಿಮೆ ವಕ್ರೀಭವನಾಂಕದ ಇನ್ನೊಂದು ಗಾಜಿನ ಹೊದಿಕೆ. ಆಗ ಪ್ರತಿಫಲನ ನಡೆಯುವ ಎಲ್ಲೆ ಎರಡು ಗಾಜುಗಳ ನಡುವೆ ಸುರಕ್ಷಿತವಾಗಿ ಉಳಿಯುತ್ತದೆ. ಹೊರಗೆ ಏನು ತಾಗಿದರೂ ಅದಕ್ಕೆ ಬಾಧೆಯಿಲ್ಲ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ 1956ರ ಕೊನೆಗೆ ಇಂಥ ಗಾಜು ಹೊದೆಸಿದ ಎಳೆಯನ್ನು ತಯಾರಿಸಿದವರು ಲಾರೆನ್ಸ್ ಕರ್ಟಿಸ್. ಆಗ ಅವರಿನ್ನೂ ಪದವಿ ತರಗತಿಯ ವಿದ್ಯಾರ್ಥಿ! ಅದನ್ನು ಬಳಸಿ 1957ರಲ್ಲಿ ಡಾಕ್ಟರ್ ಬೇಸಿಲ್ ಹರ್ಷೊವಿಟ್ಸ್ ಅವರು ಹೊಟ್ಟೆಯೊಳಗನ್ನು ನೋಡುವ ಬಾಗುವ ಎಂಡೋಸ್ಕೋಪನ್ನು ರೋಗಿಯೊಬ್ಬರ ಮೇಲೆ ಪ್ರಯೋಗಿಸಿದರು. ಕೊಯ್ಯದೆಯೇ ಹೊಟ್ಟೆಯ ಹುಣ್ಣನ್ನು ಕಾಣುವ ದಾರಿ ಹೀಗೆ ತೆರೆಯಿತು. ಇಂದಿನ ಹಲವು ಎಂಡೋಸ್ಕೋಪುಗಳ ತುದಿಯಲ್ಲಿ ಪುಟ್ಟ ಕ್ಯಾಮೆರಾವೇ ಕುಳಿತಿದ್ದರೂ, ಒಳಗೆ ದೀಪ ಹಿಡಿಯುವ ಕೆಲಸವನ್ನು ಬಹಳಷ್ಟು ಕಡೆ ಗಾಜಿನ ಎಳೆಗಳೇ ಮಾಡುತ್ತಿವೆ.

5. ಶುದ್ಧ ಗಾಜಿನ ಕತೆ

ಹೊಟ್ಟೆಯೊಳಗಿನ ದಾರಿ ಒಂದು ಮೀಟರ್. ಊರಿಂದೂರಿಗೆ ಸುದ್ದಿ ಕಳುಹಿಸಬೇಕಾದರೆ ನೂರಾರು ಕಿಲೋಮೀಟರ್. 1960ರ ದಶಕದ ಗಾಜಿನಲ್ಲಿ ಸುಮಾರು 20 ಮೀಟರ್ ಹೋಗುವಷ್ಟರಲ್ಲಿ ಬೆಳಕಿನ ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತಿತ್ತು. ಆದುದರಿಂದ ಇದು ಆಗದ ಮಾತೆಂದು ಬಹುಮಂದಿ ಕೈಬಿಟ್ಟಿದ್ದರು.

ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದ, ಶಾಂಘೈಯಲ್ಲಿ ಹುಟ್ಟಿದ ಚಾರ್ಲ್ಸ್ ಕಾವೊ ಮತ್ತು ಅವರ ಜತೆಗಾರ ಜಾರ್ಜ್ ಹಾಕಮ್ ಇಬ್ಬರೂ 1966ರಲ್ಲಿ ಬೇರೆಯೇ ಒಂದು ಮಾತನ್ನು ಮುಂದಿಟ್ಟರು: ಬೆಳಕನ್ನು ನುಂಗುವುದು ಗಾಜಲ್ಲ, ಗಾಜಿನಲ್ಲಿ ಬೆರೆತ ಕಬ್ಬಿಣವೇ ಮೊದಲಾದ ಕಲ್ಮಷಗಳು, ಅವನ್ನು ತೆಗೆದರೆ ಒಂದು ಕಿಲೋಮೀಟರ್ ದಾಟಿದ ಮೇಲೂ ನೂರರಲ್ಲಿ ಒಂದು ಪಾಲು ಬೆಳಕು ಉಳಿಸಬಹುದು, ವಾರ್ತೆಗೆ ಅಷ್ಟು ಸಾಕು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪೆನಿಯ ಮೌರರ್, ಕೆಕ್, ಶುಲ್ಟ್ಸ್ ಎಂಬ ಮೂವರು ಆ ಗುರಿಯನ್ನು ದಾಟಿದರು. ಇಂದಿನ ಎಳೆಯಲ್ಲಿ 15 ಕಿಲೋಮೀಟರ್ ಹೋದ ಮೇಲೂ ಅರ್ಧದಷ್ಟು ಬೆಳಕು ಇರುತ್ತದೆ. ಒಂದು ಪಾಲಿಗೆ ಇಳಿಯಬೇಕಾದರೆ 100 ಕಿಲೋಮೀಟರ್ ಹೋಗಬೇಕು. 20 ಮೀಟರ್, 1 ಕಿಲೋಮೀಟರ್, 100 ಕಿಲೋಮೀಟರ್. ಈ ಮೂರು ಸಂಖ್ಯೆಗಳನ್ನು ನೆನಪಿಟ್ಟರೆ ಗಾಜಿನ ಎಳೆಯ ಚರಿತ್ರೆಯನ್ನೇ ನೆನಪಿಟ್ಟಂತೆ. ಕಾವೊ ಅವರಿಗೆ 2009ರ ಭೌತಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಅರ್ಧಾಂಶ ದೊರೆಯಿತು.

ಇಂಥ ಗಾಜನ್ನು ಮರಳು ಕರಗಿಸಿ ಮಾಡುವುದಿಲ್ಲ. ಶುದ್ಧೀಕರಿಸಿದ ಸಿಲಿಕಾನ್ ಸಂಯುಕ್ತದ ಆವಿಯಿಂದ ಗಾಜನ್ನು ಪದರಪದರವಾಗಿ ಕೂಡಿಸುತ್ತಾರೆ. ತಿರುಳಿಗೆ ತುಸು ಜರ್ಮೇನಿಯಮ್ ಸೇರಿಸಿ ಅದರ ವಕ್ರೀಭವನಾಂಕವನ್ನು ಏರಿಸುತ್ತಾರೆ. ಹೀಗಾದ ಗಾಜಿನ ಕೋಲನ್ನು ಸುಮಾರು 2,000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೆದುಗೊಳಿಸಿ, ಸಕ್ಕರೆಯ ಪಾಕದಿಂದ ಎಳೆ ತೆಗೆದಂತೆ ಎಳೆಯುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರೋಮೀಟರ್ ಎಂದು ಹೆಸರು. ಎಳೆಯ ಒಟ್ಟು ವ್ಯಾಸ 125 ಮೈಕ್ರೋಮೀಟರ್. ಬೆಳಕು ಓಡುವ ತಿರುಳು ಬರಿಯ 9 ಮೈಕ್ರೋಮೀಟರ್. ಇಷ್ಟು ಸಣ್ಣ ತಿರುಳಿನಲ್ಲಿ ಬೆಳಕನ್ನು ಕಿರಣವೆಂದಲ್ಲ, ಅಲೆಯೆಂದೇ ಎಣಿಸಬೇಕಾಗುತ್ತದೆ. ಅದು ಮೇಲಿನ ತರಗತಿಗಳ ಪಾಠ.

6. 'ಕ' ಅಕ್ಷರ ಸಾಗುವ ಬಗೆ

ಎಳೆಯೊಳಗೆ ಹೋಗುವುದು ಬೆಳಕು ಮಾತ್ರ. ಹಾಗಾದರೆ ಮಾತು, ಚಿತ್ರ, ಅಕ್ಷರಗಳು ಹೋಗುವುದು ಹೇಗೆ? ಗುಡ್ಡೆಯ ಮೇಲಿಂದ ಟಾರ್ಚು ಬೆಳಗಿಸಿ, ನಂದಿಸಿ ಆಚೆಯವರಿಗೆ ಸನ್ನೆ ಮಾಡಿದಂತೆ. ಬೆಳಕು ಇದ್ದರೆ 1, ಇಲ್ಲದಿದ್ದರೆ 0.

ಲೋಕದ ಭಾಷೆಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟ ಯೂನಿಕೋಡ್ ಎಂಬ ಪಟ್ಟಿಯಿದೆ. ಅದರಲ್ಲಿ ನಮ್ಮ 'ಕ' ಅಕ್ಷರದ ಸಂಖ್ಯೆ 3221. ಇದನ್ನು ಸೊನ್ನೆ-ಒಂದುಗಳಲ್ಲಿಯೇ ಬರೆದರೆ 110010010101 ಆಗುತ್ತದೆ. ಗಣಿತ ಬಲ್ಲವರು ಕೂಡಿಸಿ ನೋಡಿರಿ: 2048, 1024, 128, 16, 4, 1. ಸಾಗಿಸುವ ಅನುಕೂಲಕ್ಕಾಗಿ ಇದಕ್ಕೆ ಇನ್ನೂ ಕೆಲವು ಅಂಕೆಗಳು ಸೇರುತ್ತವೆ, ತತ್ವ ಇದೇ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರದ ಸಂಖ್ಯೆ 65, ಅಂದರೆ 1000001. ಗಾಜಿನ ಎಳೆಗೆ ಎರಡೂ ಬೆಳಕಿನ ಮಿಣುಕುಗಳೇ. ಯಾವ ಭಾಷೆ ದೊಡ್ಡದು, ಯಾವುದು ಚಿಕ್ಕದೆಂಬುದು ಅದಕ್ಕೆ ಗೊತ್ತಿಲ್ಲ.

ಮನೆಯ ಗೋಡೆಯಲ್ಲಿರುವ ಪೆಟ್ಟಿಗೆಗೆ ಎಳೆಯ ತುದಿ ಬಂದು ಸೇರುತ್ತದೆ. ಬೆಳಕಿನ ಮಿಣುಕನ್ನು ವಿದ್ಯುತ್ತಿನ ಮಿಡಿತವಾಗಿ ಮಾಡುವುದು ಆ ಪೆಟ್ಟಿಗೆಯ ಕೆಲಸ. ಅಲ್ಲಿಂದ ಫೋನಿಗೆ ಬರುವುದು ರೇಡಿಯೋ ಅಲೆ. ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಒಂದೇ ಎಳೆ ಹಲವು ಮನೆಗಳಿಗೆ ಕವಲೊಡೆದು ಹೋಗುತ್ತದೆ. ಸೆಕೆಂಡಿಗೆ ಸುಮಾರು 250 ಕೋಟಿ ಅಂಕೆಗಳು ಬರುತ್ತವೆ. ಮನೆಗೆ ಬರುವ ಬೆಳಕು ಒಂದು ಬಣ್ಣ, ಮನೆಯಿಂದ ಹೋಗುವುದು ಇನ್ನೊಂದು ಬಣ್ಣ; ಆದುದರಿಂದ ಒಂದೇ ಎಳೆಯಲ್ಲಿ ಡಿಕ್ಕಿಯಿಲ್ಲದೆ ಎರಡೂ ಓಡುತ್ತವೆ. 600 ಕಿಲೋಮೀಟರ್ ಉದ್ದದ ಎಳೆಯನ್ನು ದಾಟಲು ಬೆಳಕಿಗೆ ಬೇಕಾಗುವುದು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು ಮಾತ್ರ. ಸಮುದ್ರದಡಿಯಲ್ಲಿಯೂ ಇಂಥ ಎಳೆಗಳಿವೆ. ಅಟ್ಲಾಂಟಿಕ್ ಸಾಗರದಡಿಯ ಮೊದಲ ಗಾಜಿನ ಕೇಬಲು 1988ರಲ್ಲಿ ತೊಡಗಿತು. ನಮ್ಮ ಕೊಚ್ಚಿಯಲ್ಲಿಯೂ ಸಾಗರದ ಕೇಬಲುಗಳು ದಡ ಸೇರುತ್ತವೆ. ಕೊಲ್ಲಿ ದೇಶದಲ್ಲಿ ದುಡಿಯುವ ತಂದೆಯ ಮುಖ ಮನೆಯ ಫೋನಿನಲ್ಲಿ ಕಾಣುವಾಗ, ಆ ಮುಖ ದಾರಿಯ ಬಹುಭಾಗವನ್ನು ಬೆಳಕಾಗಿಯೇ ಕ್ರಮಿಸಿ ಬಂದಿರುತ್ತದೆ.

ನಾವು 'ಬಣ್ಣ' ಎಂದೆವಾದರೂ ಈ ಬೆಳಕು ಕಣ್ಣಿಗೆ ಕಾಣಿಸದು. ಕೆಂಪಿನಿಂದಾಚೆಗಿನ ಅವಕೆಂಪು ಬೆಳಕದು. ಟಿ.ವಿ.ಯ ರಿಮೋಟಿನಲ್ಲಿರುವುದೂ ಅದೇ ಜಾತಿಯದು. ರಿಮೋಟಿನ ತುದಿಯನ್ನು ಫೋನಿನ ಕ್ಯಾಮೆರಾದ ಮುಂದೆ ಹಿಡಿದು ಗುಂಡಿಯೊತ್ತಿದರೆ, ಬರಿಗಣ್ಣಿಗೆ ಕಾಣದ ಮಿಣುಕು ಹಲವು ಫೋನುಗಳ ಪರದೆಯಲ್ಲಿ ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂದಿನದರಲ್ಲಿ ನೋಡಿರಿ.

7. ಮನೆಮಂದಿ ಅರಿತಿರಬೇಕಾದ ಎಚ್ಚರಿಕೆಗಳು

ಒಂದು: ತುಂಡಾದ ಕೇಬಲಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಇಣುಕಬೇಡಿರಿ. ಬೆಳಕು ಕಾಣದಿದ್ದರೆ ಬೆಳಕಿಲ್ಲವೆಂದು ಅರ್ಥವಲ್ಲ. ಅಂತೆಯೇ ಜಾತ್ರೆಯಲ್ಲಿ ಸಿಗುವ ಲೇಸರ್ ಕಡ್ಡಿಯನ್ನು ಯಾರ ಕಣ್ಣಿಗೂ ಹಿಡಿಯಬೇಡಿರಿ. ಅಕ್ಷಿಪಟ ಸುಟ್ಟರೆ ಅದಕ್ಕೆ ಕನ್ನಡಕವಿಲ್ಲ.

ಎರಡು: ಮುರಿದ ಗಾಜಿನ ಎಳೆಯ ಚೂರು ಚರ್ಮದೊಳಗೆ ಹೊಕ್ಕರೆ ಹುಡುಕಿ ತೆಗೆಯುವುದು ಬಲು ಕಷ್ಟ. ದುರಸ್ತಿ ನಡೆದ ಜಾಗದಲ್ಲಿ ಬಿದ್ದ ತುಂಡುಗಳೊಡನೆ ಚಿಕ್ಕ ಮಕ್ಕಳು ಆಡದಂತೆ ನೋಡಿಕೊಳ್ಳಿರಿ.

ಮೂರು: ಗಾಜಿನಲ್ಲಿ ವಿದ್ಯುತ್ ಹರಿಯದು. ತುಲಾ ತಿಂಗಳ ಸಿಡಿಲಿಗೆ ಹಳೆಯ ತಾಮ್ರದ ತಂತಿಯ ಮೂಲಕ ಟೆಲಿಫೋನು ಸುಟ್ಟುಹೋಗುತ್ತಿದ್ದಂತೆ ಗಾಜಿನ ಎಳೆಯ ಮೂಲಕ ಆಗುವುದಿಲ್ಲ. ಆದರೆ ಪೆಟ್ಟಿಗೆಗೆ ವಿದ್ಯುತ್ತಿನ ಪ್ಲಗ್ ಇದ್ದೇ ಇದೆ, ಕೇಬಲಿಗೆ ಬಲ ಕೊಡಲು ಉಕ್ಕಿನ ತಂತಿಯೂ ಇರಬಹುದು. ಆಕಾಶ ಗುಡುಗುವಾಗ ಪ್ಲಗ್ಗನ್ನು ಕಳಚಿಡುವುದೇ ಜಾಣತನ.

ನಾಲ್ಕು: ರಸ್ತೆಯ ಬದಿಯಲ್ಲಿ ಹೊಂಡ ತೋಡುವಾಗ, ಕೊಂಬೆ ಕಡಿಯುವಾಗ ಕೇಬಲನ್ನು ಗಮನಿಸಿರಿ. ತುಂಡಾದ ಎಳೆಯನ್ನು ತಾಮ್ರದಂತೆ ಹೊಸೆದು ಜೋಡಿಸಲಾಗದು. ಎರಡು ತುದಿಗಳನ್ನು ಕನ್ನಡಿಯಂತೆ ನಯವಾಗಿ ಕತ್ತರಿಸಿ, ಸೂಕ್ಷ್ಮವಾಗಿ ಎದುರುಬದುರಾಗಿ ನಿಲ್ಲಿಸಿ, ವಿದ್ಯುತ್ ಕಿಡಿಯ ಶಾಖದಲ್ಲಿ ಕರಗಿಸಿ ಬೆಸೆಯಬೇಕು. ರಸ್ತೆಯಂಚಿನಲ್ಲಿ ಕೊಡೆ ಹಿಡಿದುಕೊಂಡು ಸಣ್ಣ ಯಂತ್ರದ ಮುಂದೆ ಬಗ್ಗಿ ಕುಳಿತವರನ್ನು ಕಂಡರೆ, ಅವರು ಈ ಕೆಲಸದಲ್ಲಿರುತ್ತಾರೆ. ನಮ್ಮ ಊರಿನ ಯುವಕರೂ ಕಲಿತು ಬದುಕು ಕಟ್ಟಿಕೊಳ್ಳಬಹುದಾದ ಉದ್ಯೋಗವಿದು.

8. ಕೊನೆಯದಾಗಿ

ಈ ಲೇಖನದಲ್ಲಿ ಬಳಸಿದ ಪದಗಳನ್ನು ಒಮ್ಮೆ ನೋಡಿರಿ. ಎಳೆ, ತಿರುಳು, ಹೊದಿಕೆ, ಮಿಣುಕು, ಪಾಕ, ಕೆಸರುಗದ್ದೆ ಇವು ನಾವು ಮನೆಯಿಂದ ತಂದವು. ಪ್ರತಿಫಲನ, ವಕ್ರೀಭವನ, ಮಸೂರ ಇವು ಪಠ್ಯಪುಸ್ತಕದವು. ಲೇಸರ್, ಕೇಬಲ್, ರಿಮೋಟ್ ಇವು ಹೊರಗಿನಿಂದ ಬಂದು ನಮ್ಮವಾದವು. ಮೂರೂ ಸೇರಿದರೆ ಹೇಳಲಾಗದ ವಿಷಯವಿಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿಯಿರಿ, ಮಲಯಾಳವನ್ನೂ ಕಲಿಯಿರಿ. ಮುಂದಿನ ಓದಿಗೆ, ಉದ್ಯೋಗಕ್ಕೆ ಅವು ಬೇಕು. ಆದರೆ 'ಏಕೆ?' ಎಂಬ ಪ್ರಶ್ನೆ ಮೊದಲು ಹುಟ್ಟುವುದು ಮನೆಮಾತಿನಲ್ಲಿ. ಅದನ್ನು ಬಾಯಿಬಿಟ್ಟು ಕೇಳಲು ನಾಚಬೇಡಿರಿ. ಹಲಗೆ ಕಾಣದಿದ್ದರೂ ಕೂಡಲೇ ಹೇಳಿರಿ.

ಯೋಚಿಸಿ ಉತ್ತರಿಸಿರಿ

1. ಬಾವಿಕಟ್ಟೆಯಿಂದ ಇಣುಕುವಾಗ ನೀರಿನ ತಳ ಇರುವುದಕ್ಕಿಂತ ಮೇಲೆ ಕಾಣುವುದೇಕೆ? ಇದನ್ನು ತಿಳಿಯದೆ ಕೆರೆಗೆ ಇಳಿದರೆ ಏನು ಅಪಾಯ?
2. ಹೊದಿಕೆಯ ಗಾಜಿನ ವಕ್ರೀಭವನಾಂಕ ತಿರುಳಿನದಕ್ಕಿಂತ ಹೆಚ್ಚಾದರೆ ಎಳೆಯಲ್ಲಿನ ಬೆಳಕು ಏನಾಗುತ್ತದೆ?
3. ಕನ್ನಡಕದ ಪವರ್ ಮೈನಸ್ ನಾಲ್ಕು ಇರುವ ಮಗುವಿಗೆ ಕನ್ನಡಕವಿಲ್ಲದೆ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಕಾಣುತ್ತದೆ?
4. 'ಅ' ಅಕ್ಷರದ ಯೂನಿಕೋಡ್ ಸಂಖ್ಯೆ 3205. ಅದನ್ನು ಸೊನ್ನೆ-ಒಂದುಗಳಲ್ಲಿ ಬರೆಯಿರಿ.
5. ನಿಮ್ಮ ಮನೆಯಲ್ಲಿ ಬೆಳಕಿನ ನಡತೆಯಿಂದ ಕೆಲಸ ಮಾಡುವ ಸಾಮಾನುಗಳೆಷ್ಟು? ಪಟ್ಟಿ ಮಾಡಿರಿ. ಎದುರಿಗೆ ಪ್ರತಿಫಲನವೋ ವಕ್ರೀಭವನವೋ ಬರೆಯಿರಿ.

ಉತ್ತರಗಳನ್ನು ವಿಜ್ಞಾನದ ಅಧ್ಯಾಪಕರಿಗೆ ತೋರಿಸಿರಿ. ಬರೆಹದ ಕಾಗುಣಿತವನ್ನು ನಾವು ನೋಡಿಕೊಡುತ್ತೇವೆ.